ಕಾಡಿನ ಕೆಲಸಕ್ಕೆ ಹೆಲಿಕಾಪ್ಟರ್ ಬಂದರೆ ನೆಲದಲ್ಲಿರುವ ನಾವು ಏನು ಮಾಡಬೇಕು

ಮೊದಲು ಇದನ್ನು ಕೇಳಿಕೊಳ್ಳಿ: ಈ ಕೆಲಸಕ್ಕೆ ಹೆಲಿಕಾಪ್ಟರ್ ಬೇಕೇ ಬೇಕಾ? ಕಾಡಿನ ಸಮೀಕ್ಷೆ ಅಂದ ಕೂಡಲೇ "ಮೇಲಿಂದ ಒಂದು ಸುತ್ತು ಹಾಕಿಸಿದರೆ ಮುಗೀತು" ಅನ್ನುವವರು ನಮ್ಮ ಕೊಡಗಿನಲ್ಲಿ ಇದ್ದಾರೆ. ಮುಗಿಯುವುದಿಲ್ಲ. ಪುಷ್ಪಗಿರಿ ತಪ್ಪಲಿನ ಮಳೆಕಾಡಿನ ಮೇಲೆ, ನಮ್ಮ ದೇವರಕಾಡುಗಳ ಮೇಲೆ ಹಾರಿದರೆ ಕಾಣುವುದು ಮರದ ನೆತ್ತಿ ಮಾತ್ರ. ಅದರ ಅಡಿಯಲ್ಲಿ ಆನೆ ಹಿಂಡೇ ನಿಂತಿದ್ದರೂ ಗೊತ್ತಾಗುವುದಿಲ್ಲ. ಆನೆ ಎಣಿಸಲು ಲದ್ದಿ ಲೆಕ್ಕ, ಕ್ಯಾಮೆರಾ ಟ್ರ್ಯಾಪ್, ಕಾಲ್ನಡಿಗೆ, ಇವೇ ಸರಿ.

ಮರವಿಲ್ಲದ ತೆರೆದ ನಾಡಿನ ಕಥೆ ಬೇರೆ. ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದಲ್ಲಿ, ಹಿಂದೆ ಹಡಗುಗಳಲ್ಲಿ ಬಂದು ಸೇರಿಕೊಂಡ ಇಲಿಗಳು ಹಕ್ಕಿಗಳ ಮೊಟ್ಟೆ ಮರಿಗಳನ್ನು ತಿಂದು ಹಾಕುತ್ತಿದ್ದವು. 2011ರಿಂದ 2015ರ ನಡುವೆ ಮೂರು ಹಂತದಲ್ಲಿ ಹೆಲಿಕಾಪ್ಟರ್‌ಗಳಿಂದ ಸುಮಾರು 300 ಟನ್ ಇಲಿಪಾಷಾಣ ಹರಡಿದರು. 2018ರಲ್ಲಿ ದ್ವೀಪದಲ್ಲಿ ಇಲಿ ಉಳಿದಿಲ್ಲ ಎಂದು ಘೋಷಿಸಿದರು. ಮರವಿಲ್ಲದ, ಊರಿಲ್ಲದ, ಹಿಮದ ಬೆಟ್ಟಗಳ ಆ ಜಾಗದಲ್ಲಿ ಬೇರೆ ದಾರಿ ಇರಲಿಲ್ಲ. ಆಫ್ರಿಕಾದಲ್ಲಿ ರಸ್ತೆ ಇಲ್ಲದ ಕಡೆಯಿಂದ ಘೇಂಡಾಮೃಗಗಳನ್ನು ಪ್ರಜ್ಞೆ ತಪ್ಪಿಸಿ, ಕಾಲು ಕಟ್ಟಿ, ಹೆಲಿಕಾಪ್ಟರಿಗೆ ತಲೆಕೆಳಗಾಗಿ ತೂಗುಹಾಕಿ ಒಯ್ಯುತ್ತಾರೆ. ನೋಡಲು ಕ್ರೂರ ಅನ್ನಿಸುತ್ತದೆ. ಆದರೆ ಪಕ್ಕಕ್ಕೆ ಮಲಗಿಸಿದ್ದಕ್ಕಿಂತ ಹಾಗೆ ತೂಗಿದಾಗ ಉಸಿರಾಟ ಹದಗೆಡಲಿಲ್ಲ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ನಮ್ಮಲ್ಲಿ ಹೆಲಿಕಾಪ್ಟರ್ ಬೇಕಾಗುವುದು ಮುಖ್ಯವಾಗಿ ಕಾಡ್ಗಿಚ್ಚು, ಬರೆ (ಬೆಟ್ಟದ ಕಡಿದಾದ ಬದಿ) ಜರಿದಾಗ ಇಡೀ ಇಳಿಜಾರನ್ನು ನೋಡುವುದು, ಗಾಯಗೊಂಡವರನ್ನು ಬೆಟ್ಟದಿಂದ ಇಳಿಸುವುದು, ಇವುಗಳಿಗೆ. ನೀವಾಗಿ ಕರೆಸುವ ಹಾಗಿಲ್ಲ. ಅಭಯಾರಣ್ಯದಲ್ಲಿ ಸಮೀಕ್ಷೆಯಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ತುರ್ತಾದರೆ 112 ಅಥವಾ ಜಿಲ್ಲಾ ಕಂಟ್ರೋಲ್ ರೂಮಿನ 1077.

ಫೋನ್ ಮಾಡುವಾಗ "ಅಂಗಡಿ ದಾಟಿ ಎಡಕ್ಕೆ" ಅನ್ನಬೇಡಿ, ಪೈಲಟ್‌ಗೆ ಅದು ಕಾಣುವುದಿಲ್ಲ. ಮೊಬೈಲ್ ಮ್ಯಾಪಿನಲ್ಲಿ ನೀವು ನಿಂತ ಜಾಗದ ಮೇಲೆ ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶದ ಎರಡು ಸಂಖ್ಯೆ ಬರುತ್ತವೆ. ಮಡಿಕೇರಿಗೆ ಅದು 12.42, 75.74ರ ಹತ್ತಿರ. ನಿಮ್ಮ ಜಾಗಕ್ಕೆ ಬಿಂದುವಿನ ನಂತರ ನಾಲ್ಕೈದು ಅಂಕಿ ಓದಿ ಹೇಳಿ, ಅವರಿಂದ ತಿರುಗಿ ಹೇಳಿಸಿಕೊಳ್ಳಿ. ಎಷ್ಟು ಜನ, ಚೀಲ ಸೇರಿ ಎಷ್ಟು ತೂಕ, ಗಾಳಿ ಯಾವ ಕಡೆಯಿಂದ, ಕರೆಂಟ್ ತಂತಿ ಎಲ್ಲಿ ಹೋಗಿದೆ, ಇಷ್ಟು ಹೇಳಲೇಬೇಕು. ಇದರಲ್ಲಿ ತಂತಿಯ ವಿಷಯ ಎಲ್ಲಕ್ಕಿಂತ ಮುಖ್ಯ. ತೋಟದ ಸಿಲ್ವರ್ ಓಕ್ ಸಾಲಿನ ನಡುವೆ ಕಣಿವೆ ದಾಟುವ ತಂತಿ ಮೇಲಿಂದ ಬಹುತೇಕ ಕಾಣುವುದೇ ಇಲ್ಲ.

ಇಳಿಯುವ ಜಾಗಕ್ಕೆ ಕೊಡಗಿನಲ್ಲಿ ನನಗೆ ಮೊದಲು ಹೊಳೆಯುವುದು ಊರಿನ ಹಾಕಿ ಮೈದಾನ. ಪೂರ್ತಿ ಅಳತೆಯದ್ದಾದರೆ 91 ಮೀಟರ್ ಉದ್ದ, 55 ಮೀಟರ್ ಅಗಲ ಇರುತ್ತದೆ. ಎಚ್‌ಎಎಲ್‌ನ ಧ್ರುವ್ ಹೆಲಿಕಾಪ್ಟರಿನ ಮೇಲಿನ ರೆಕ್ಕೆ ಸುಮಾರು 13 ಮೀಟರ್ ಅಗಲ, ವಾಯುಪಡೆಯ ಎಂಐ-17ರದ್ದು ಸುಮಾರು 21 ಮೀಟರ್. ಸುತ್ತ ಖಾಲಿ ಬೇಕಲ್ವಾ, ಹಾಗಾಗಿ ಮೈದಾನ ಒಳ್ಳೆಯದು. ಕೊಯ್ಲಾಗಿ ಒಣಗಿದ ಗದ್ದೆಯೂ ಆಗಬಹುದು, ಕೆಸರಿದ್ದರೆ ಬೇಡ. ಕಾಫಿ ಕಣ ಸಮತಟ್ಟಾಗಿರುತ್ತದೆ ಅಂತ ಅಲ್ಲಿಗೆ ಕರೆಯುವ ಆಸೆ ಬರಬಹುದು, ಆದರೆ ಅದು ಸಾಮಾನ್ಯವಾಗಿ ಚಿಕ್ಕದು, ಪಕ್ಕದಲ್ಲೇ ಗೋದಾಮಿನ ತಗಡು, ಮೇಲೆ ಹಾಸಿದ ಟಾರ್ಪಾಲು. ಆ ಟಾರ್ಪಾಲು ಹಾರಿ ರೆಕ್ಕೆಗೆ ಸಿಕ್ಕಿದರೆ ಒಳಗಿದ್ದವರ ಪ್ರಾಣಕ್ಕೇ ಕುತ್ತು. ಎಲ್ಲಿ ಇಳಿಸಿದರೂ ಹಾರುವಂಥದ್ದೆಲ್ಲ ತೆಗೆಯಿರಿ, ದನ ಬಿಚ್ಚಿ ದೂರ ಕಟ್ಟಿ, ಧೂಳಿದ್ದರೆ ನೀರು ಹಾಕಿ. ಇನ್ನೊಂದು, ಮೈದಾನದ ಅಂಚಿನ ಮರಗಳನ್ನು ತಲೆಯೆತ್ತಿ ನೋಡಿ. ಹೆಜ್ಜೇನು ಕಟ್ಟಿದ್ದರೆ ಬೇರೆ ಜಾಗ ಹುಡುಕಿ. ಹೆಲಿಕಾಪ್ಟರಿನ ಗಾಳಿಗೆ ಎದ್ದ ಹೆಜ್ಜೇನು ಯಾರನ್ನೂ ಬಿಡುವುದಿಲ್ಲ.

ಹತ್ತಿರ ಹೋಗುವುದು ಪೈಲಟ್ ಅಥವಾ ಸಿಬ್ಬಂದಿ ಕೈ ಮಾಡಿ ಕರೆದ ಮೇಲೆ ಮಾತ್ರ. ಮುಂಭಾಗದಿಂದ, ಅವರ ಕಣ್ಣಿಗೆ ಕಾಣುವ ಹಾಗೆ, ಬಗ್ಗಿಕೊಂಡು ಹೋಗಿ. ಬಾಲದ ಕಡೆ ಯಾವತ್ತೂ ಹೋಗಬೇಡಿ, ಅಲ್ಲಿನ ಸಣ್ಣ ರೆಕ್ಕೆ ತಿರುಗುವಾಗ ಕಾಣುವುದೇ ಇಲ್ಲ. ನಮ್ಮಂಥ ಇಳಿಜಾರಿನ ನಾಡಿನಲ್ಲಿ ಇದನ್ನು ಬಾಯಿಪಾಠ ಮಾಡಿ: ತಗ್ಗಿನ ಕಡೆಯಿಂದ ಹೋಗಿ, ತಗ್ಗಿನ ಕಡೆಗೇ ಬನ್ನಿ. ಎತ್ತರದ ಕಡೆ ರೆಕ್ಕೆಗೂ ನೆಲಕ್ಕೂ ಅಂತರ ಕಡಿಮೆ, ರೆಕ್ಕೆ ತಲೆಗೇ ಬಡಿಯಬಹುದು. ಟೊಪ್ಪಿ, ತಲೆವಸ್ತ್ರ, ಶಾಲು ಬಿಚ್ಚಿ ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಏಣಿ, ದೋಟಿ, ಸಮೀಕ್ಷೆಯ ಕೋಲು ಏನಿದ್ದರೂ ಅಡ್ಡವಾಗಿ, ಸೊಂಟದ ಮಟ್ಟದಲ್ಲಿ. ಮೇಲಿಂದ ಕೊಕ್ಕೆ ಇಳಿಸಿದರೆ ತಕ್ಷಣ ಮುಟ್ಟಬೇಡಿ, ಮೊದಲು ನೆಲ ಮುಟ್ಟಲಿ, ಇಲ್ಲದಿದ್ದರೆ ಶಾಕ್ ಹೊಡೆಯುತ್ತದೆ. ಅದನ್ನು ಮರಕ್ಕೋ ಬಂಡೆಗೋ ಕಟ್ಟಲೇಬೇಡಿ. ಈ ಉಸ್ತುವಾರಿಗೆ ಊರಿನ ಮಾಜಿ ಸೈನಿಕರನ್ನು ಕರೆಯಿರಿ. ನಮ್ಮಲ್ಲಿ ಅವರಿಗೆ ಬರವಿಲ್ಲ, ಹೆಲಿಕಾಪ್ಟರ್ ಹತ್ತಿ ಇಳಿದವರು, ಕೈಸನ್ನೆ ಗೊತ್ತಿದ್ದವರು ಅವರಲ್ಲಿ ಸಿಗುತ್ತಾರೆ.

ಬೆಂಕಿಯ ವಿಷಯ ಸ್ವಲ್ಪ ಬೇರೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬಂದು, ಬಾಂಬಿ ಬಕೆಟ್ ತೂಗುಹಾಕಿಕೊಂಡು ನೀರು ಸುರಿದವು. ಅಂಥ ಬಕೆಟ್ ಒಂದೇ ಸಲಕ್ಕೆ ಸಾವಿರಾರು ಲೀಟರ್ ಹಿಡಿಯುತ್ತದೆ. ಅಷ್ಟು ನೀರು ಒಮ್ಮೆಲೇ ಬಿದ್ದರೆ ಕೊಂಬೆ ಮುರಿಯುತ್ತದೆ, ಮನುಷ್ಯ ಉರುಳಿ ಬೀಳುತ್ತಾನೆ, ಆದ್ದರಿಂದ ಕೆಳಗೆ ಬೆಂಕಿ ಬಡಿಯುತ್ತಿರುವವರನ್ನು ಮೊದಲು ಪಕ್ಕಕ್ಕೆ ಕರೆಸಿ. ಸುರಿದು ಹೋದ ಮೇಲೆ ಹಸಿ ಸೊಪ್ಪು ಹಿಡಿದು ಮತ್ತೆ ನುಗ್ಗಲೇಬೇಕು, ಬುಡದ ಕೆಂಡ ಮೇಲಿನ ನೀರಿಗೆ ಆರುವುದಿಲ್ಲ. ಬೇಸಿಗೆಗೆ ಮುಂಚೆಯೇ ನಿಮ್ಮ ಹೋಬಳಿಯಲ್ಲಿ ಬಕೆಟ್ ಮುಳುಗುವಷ್ಟು ಆಳದ ನೀರು ಎಲ್ಲಿದೆ, ಯಾವ ಕೆರೆಯ ಸುತ್ತ ತಂತಿ, ಒಣಮರ ಇಲ್ಲ ಅಂತ ಪಟ್ಟಿ ಮಾಡಿ ವಲಯ ಅರಣ್ಯಾಧಿಕಾರಿಗೆ ಕೊಡಿ. ಉತ್ತರ ಕೊಡಗಿನವರಿಗೆ ಹಾರಂಗಿ ಹಿನ್ನೀರು ಇದೆ.

ಹವೆಯನ್ನು ಯಾರೂ ಗೆಲ್ಲಲು ಆಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಬೆಟ್ಟಗಳು ಜರಿದಾಗ ಮಳೆ, ಮಂಜಿನಲ್ಲಿ ಹಾರುವುದೇ ಕಷ್ಟವಾಗಿತ್ತು. ಸೈನಿಕರು, ಎನ್‌ಡಿಆರ್‌ಎಫ್‌ನವರು, ಊರಿನ ಹುಡುಗರು ನಡೆದೇ ಹೋಗಿ ಜನರನ್ನು ಹೊರತಂದರು. ಹಾಗಾಗಿ ಮಳೆಗಾಲದ ಯೋಜನೆಯಲ್ಲಿ ಹೆಲಿಕಾಪ್ಟರನ್ನು ನಂಬಿ ಕೂರಬೇಡಿ, ನಡೆಯುವ ದಾರಿ ಗುರುತಿಸಿಡಿ. ಬೇಸಿಗೆಯಲ್ಲೂ ಮಂಜು ಕರಗಿದ ಬೆಳಗಿನ ಹೊತ್ತೇ ಒಳ್ಳೆಯದು. ಬಿಸಿಲೇರಿದಂತೆ, ಎತ್ತರ ಏರಿದಂತೆ ಗಾಳಿ ತೆಳುವಾಗಿ ಹೆಲಿಕಾಪ್ಟರ್ ಹೊರುವ ಭಾರ ಕಡಿಮೆಯಾಗುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಮೇಲಕ್ಕೆ ಸಾಮಾನು ಕಳಿಸುವಾಗ ಪೈಲಟ್ "ಇಷ್ಟು ಬೇಡ" ಅಂದರೆ ವಾದ ಮಾಡಬೇಡಿ.

ಪ್ರಾಣಿಗಳ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಕಾಡು ಉಳಿಸಲು ಬಂದ ಯಂತ್ರ ಕಾಡನ್ನೇ ಹೆದರಿಸಬಾರದು. ತೀರಾ ಕೆಳಗೆ ಹಾರಿದರೆ ಆನೆ ದಿಕ್ಕುಗೆಟ್ಟು ತೋಟಕ್ಕೆ, ಕೆಲಸದವರ ಲೈನ್ ಮನೆ ಕಡೆಗೆ ನುಗ್ಗಬಹುದು. ಹಾರಾಟದ ಹಿಂದಿನ ದಿನವೇ ಸುತ್ತಲಿನ ತೋಟಗಳಿಗೆ ತಿಳಿಸಿ, ಕೆಲಸದವರನ್ನು ಆ ಹೊತ್ತಿಗೆ ಕಾಡಿನ ಅಂಚಿಗೆ ಕಳಿಸಬೇಡಿ. ಬೇಸಿಗೆಯಲ್ಲಿ ದೊಡ್ಡ ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಮುಚ್ಚಿಕೊಂಡು ಕಾವು ಕೂತಿರುತ್ತದೆ, ಗಂಡು ತಂದರೆ ಮಾತ್ರ ಊಟ. ಅಂಥ ಮರ ಗೊತ್ತಿದ್ದರೆ ಅದರ ಮೇಲೆ ನಿಂತು ಹಾರದಂತೆ ಮೊದಲೇ ಹೇಳಿ. ನಿಮ್ಮ ಡ್ರೋನ್ ಅಂತೂ ಹೆಲಿಕಾಪ್ಟರ್ ವಾಪಸ್ ಹೋಗುವವರೆಗೆ ಚೀಲದಲ್ಲೇ ಇರಲಿ.

ಸಮೀಕ್ಷೆಗೆ ಹಾರುವಾಗ ಆ ಬೆಟ್ಟದಲ್ಲಿ ಓಡಾಡಿದ ಊರಿನವರೊಬ್ಬರನ್ನು ಕೂರಿಸಿಕೊಳ್ಳಲು ಅಧಿಕಾರಿಗಳನ್ನು ಕೇಳಿ. ಮೇಲಿಂದ ಎಲ್ಲ ಹೊಳೆಯೂ ಒಂದೇ ಥರ ಕಾಣುತ್ತದೆ. ಹಾಗೆ ಹೋಗುವವರು ನೀವಾದರೆ ಸರ್ವೆ ಮ್ಯಾಪಿನ ಪ್ರಿಂಟ್, ದಾರ ಕಟ್ಟಿದ ಪೆನ್ಸಿಲ್ ಒಯ್ಯಿರಿ. ಹೊಸ ಬಿರುಕು, ಜರಿದ ಬರೆ, ದಾರಿ ಬದಲಿಸಿದ ತೋಡು ಕಂಡ ಕಡೆ ಗುರುತು ಹಾಕಿ, ಫೋಟೊ ತೆಗೆದ ಸಮಯ ಪಕ್ಕದಲ್ಲಿ ಬರೆಯಿರಿ. ಇಳಿದ ದಿನವೇ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಡಿ, ಆ ಬಿರುಕಿನ ಕೆಳಗೆ ಮನೆ ಇರುವವರಿಗೆ ಮಳೆ ಹಿಡಿಯುವ ಮುಂಚೆ ಅದು ತಲುಪಬೇಕು.