ಟೊಮೆಟೊ ಸಸಿಯನ್ನು ಕತ್ತಿನವರೆಗೆ ಹೂಳಿ

ಮೊನ್ನೆ ಸೊಸೆ ಬೆಳೆಸಿದ ಟೊಮೆಟೊ ಸಸಿಗಳನ್ನು ನೋಡಿ ಸುಮ್ಮನಿರಲು ಆಗಲಿಲ್ಲ. ನೂಲಿನ ಹಾಗೆ ಉದ್ದಕ್ಕೆ ಎಳೆದುಕೊಂಡ ಕಾಂಡ, ತುದಿಯಲ್ಲಿ ಪುಟ್ಟ ಪುಟ್ಟ ಎಲೆ. ಬೀಳಬಾರದು ಅಂತ ಒಂದೊಂದಕ್ಕೂ ಹಲ್ಲುಕಡ್ಡಿ ಚುಚ್ಚಿ ದಾರ ಸುತ್ತಿದ್ದಳು. ಶ್ರದ್ಧೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟೆಲ್ಲ ಮಾಡಿದವಳು ದೊಡ್ಡ ಕುಂಡಕ್ಕೆ ಸಸಿ ಬದಲಾಯಿಸುವಾಗ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ಇಟ್ಟಿದ್ದಳು. ಕಾಂಡಕ್ಕೆ ಮಣ್ಣು ಕೊಟ್ಟಿದ್ದರೆ ಹಲ್ಲುಕಡ್ಡಿಯೂ ಬೇಡ, ದಾರವೂ ಬೇಡ. ಇವಳೊಬ್ಬಳೇ ಅಲ್ಲ, ಈಗಿನವರು ಸುಮಾರು ಜನ ಹೀಗೇ ಮಾಡುವುದನ್ನು ನೋಡಿದ್ದೇನೆ. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಇಡುತ್ತೇನೆ.

ಬೀಜ ಹಾಕುವುದು ಎಲ್ಲರಿಗೂ ಗೊತ್ತು, ಅದನ್ನು ಎಳೆಯುವುದಿಲ್ಲ. ಮಣ್ಣು ಹಗುರವಾಗಿರಲಿ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್‌ಗೆ ಜರಡಿ ಹಿಡಿದ ಎರೆಗೊಬ್ಬರ ಸ್ವಲ್ಪ ಬೆರೆಸಿದರೆ ಸಾಕು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳಿಂದ ತಟ್ಟಿದರೆ ಉದುರಬೇಕು, ನೀರು ಒಸರಬಾರದು. ಬೀಜದ ಮೇಲೆ ಅರ್ಧ ಉಗುರಿನಷ್ಟು ಮಣ್ಣು ಉದುರಿಸಿ. 20ರಿಂದ 25 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ 5ರಿಂದ 10 ದಿನದಲ್ಲಿ ಮೊಳಕೆ ಬರುತ್ತದೆ. ಅಲ್ಲಿಯವರೆಗೆ ಬೆಳಕು ಬೇಕಿಲ್ಲ. ಒಂದು ಮೊಳಕೆ ತಲೆ ಎತ್ತಿದ್ದು ಕಂಡರೂ ಸಾಕು, ಅವತ್ತೇ ಬೆಳಕಿಗೆ ತನ್ನಿ. ಮಿಕ್ಕಿದ್ದೂ ಬರಲಿ ಅಂತ ಎರಡು ದಿನ ಕತ್ತಲಲ್ಲಿ ಬಿಟ್ಟರೆ ಆ ಎರಡೇ ದಿನದಲ್ಲಿ ಕಾಂಡ ಎಳೆದುಕೊಂಡು ಬಿಡುತ್ತದೆ.

ಬೆಳಕು ಅಂದರೆ ಕೋಣೆಯ ಬೆಳಕಲ್ಲ, ಕಿಟಕಿಯೊಳಗೆ ನೇರ ಬೀಳುವ ಬಿಸಿಲು. ಟ್ರೇಯನ್ನು ದಿನಕ್ಕೊಮ್ಮೆ ತಿರುಗಿಸಿ, ಇಲ್ಲದಿದ್ದರೆ ಎಲ್ಲ ಸಸಿಯೂ ಒಂದೇ ಕಡೆ ವಾಲುತ್ತವೆ. ಹಾಗೇ ಕಿಟಕಿಯ ಗಾಜು ಒರೆಸಿ. ಧೂಳು ಹಿಡಿದ ಗಾಜು ಎಷ್ಟು ಬೆಳಕು ತಿನ್ನುತ್ತದೆ ಅಂತ ಒರೆಸಿದ ಮೇಲೇ ಗೊತ್ತಾಗುವುದು. ಬಿಸಿಲು ಬಾರದ ಮನೆಯವರು ಎಲ್‌ಇಡಿ ದೀಪವನ್ನು ಸಸಿಯ ತಲೆಯಿಂದ ಒಂದು ಗೇಣಿನೊಳಗೆ ತೂಗುಹಾಕಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ರಾತ್ರಿ ಆರಿಸಲೇಬೇಕು. ಹಗಲು ರಾತ್ರಿ ಬೆಳಕು ಕೊಟ್ಟರೆ ಟೊಮೆಟೊ ಎಲೆ ಹಳದಿಯಾಗುತ್ತದೆ, ಅದಕ್ಕೆ ಕತ್ತಲೂ ಬೇಕು.

ಇನ್ನು ನೀರು. ಅಕ್ಕರೆ ಜಾಸ್ತಿಯಾಗಿ ಸಸಿ ಸಾಯುವುದು ಇಲ್ಲೇ. ದಿನಾ ಮೇಲಿಂದ ಚಿಮುಕಿಸಿ ಚಿಮುಕಿಸಿ ಮಣ್ಣಿನ ಮೇಲೆ ಪಾಚಿ ಕಟ್ಟಿಸುತ್ತಾರೆ. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಬುಡದ ಹತ್ತಿರ ಕಾಂಡ ಸೊರಗಿ ತೆಳ್ಳಗಾಗಿ ಸಸಿ ಅಡ್ಡ ಬಿದ್ದಿರುತ್ತದೆ. ಅದು ಸಸಿ ಕೊಳೆ ರೋಗ. ಬಿದ್ದದ್ದು ಮತ್ತೆ ಏಳುವುದಿಲ್ಲ. ಟ್ರೇಯನ್ನು ನೀರಿರುವ ತಟ್ಟೆಯಲ್ಲಿಡಿ, ಮಣ್ಣು ತನಗೆ ಬೇಕಾದಷ್ಟು ಕೆಳಗಿನಿಂದ ಎಳೆದುಕೊಳ್ಳಲಿ, ಅರ್ಧ ಗಂಟೆಯಲ್ಲಿ ಎತ್ತಿಬಿಡಿ. ಮೇಲ್ಮಣ್ಣು ಒಣಗಿ ಟ್ರೇ ಕೈಗೆ ಹಗುರ ಅನ್ನಿಸುವವರೆಗೆ ಮತ್ತೆ ನೀರಿಲ್ಲ. ಗಾಳಿಯೂ ಆಡಬೇಕು. ನಾನು ಹೋಗಿ ಬಂದು ಮಾಡುವಾಗಲೆಲ್ಲ ಸಸಿಗಳ ತಲೆಯ ಮೇಲೆ ಅಂಗೈ ಆಡಿಸುತ್ತೇನೆ. ಹಾಗೆ ಅಲುಗಾಡಿದ ಕಾಂಡ ಗಿಡ್ಡಗೆ ಗಟ್ಟಿಯಾಗುತ್ತದೆ.

ಈಗ ಮುಖ್ಯವಾದದ್ದು. ಇದನ್ನು ನನಗೆ ತೋರಿಸಿದ್ದು ಅಮ್ಮ. ನಾನಾಗ ಚಿಕ್ಕವಳು. ಕುಂಡದಲ್ಲಿದ್ದ ಸಸಿಯನ್ನು ಬೋರಲು ಮಾಡಿ ಅಂಗೈ ಮೇಲೆ ಬೀಳಿಸಿಕೊಂಡು, ಕಾಂಡದ ಸುತ್ತಲ ಮಣ್ಣನ್ನು ಬೆರಳಿಂದ ಮೆಲ್ಲಗೆ ಬಿಡಿಸಿದಳು. ಮಣ್ಣೊಳಗಿದ್ದ ಕಾಂಡದ ಉದ್ದಕ್ಕೂ ಬಿಳಿ ಬೇರು. ಬುಡದಲ್ಲಿ ಮಾತ್ರ ಅಲ್ಲ, ಪಕ್ಕದಿಂದೆಲ್ಲ! ಸ್ವಲ್ಪ ಬೆಳೆದ ಟೊಮೆಟೊ ಗಿಡದ ಬುಡ ನೋಡಿ, ಸಣ್ಣ ಸಣ್ಣ ಗುಳ್ಳೆ ಕಾಣುತ್ತದೆ. ರೋಗ ಅಂತ ಹೆದರುತ್ತಾರೆ. ಅದು ಬೇರಾಗಲು ಕಾದಿರುವ ಜಾಗ. ಒದ್ದೆ ಮಣ್ಣು ಸೋಕಿದರೆ ಸಾಕು, ಹೊರಡುತ್ತದೆ. ಬೇರು ಜಾಸ್ತಿಯಾದಷ್ಟು ಗಿಡಕ್ಕೆ ನೀರು, ಗೊಬ್ಬರ ಎಳೆಯುವ ಶಕ್ತಿ ಜಾಸ್ತಿ.

ಮೊದಲು ಬರುವ ನುಣ್ಣನೆಯ ಎರಡು ಎಲೆ ಬೀಜದೆಲೆ. ಆಮೇಲೆ ಅಂಚು ಕಚ್ಚುಕಚ್ಚಾದ ಎಲೆ ಒಂದು ಜೊತೆ ಬರುತ್ತದೆ. ಅದು ಬಿಡಿಸಿಕೊಂಡ ಕೂಡಲೇ ಸಸಿಯನ್ನು ಟ್ರೇಯಿಂದ ಕುಂಡಕ್ಕೆ ಬದಲಾಯಿಸಿ. ಹಿಂದಿನ ದಿನ ಬೆಳಿಗ್ಗೆ ನೀರು ಕೊಟ್ಟು ನಿಲ್ಲಿಸಿಬಿಡಿ, ಮರುದಿನ ಸಂಜೆವರೆಗೆ ಕೊಡಬೇಡಿ. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ! ನೀರು ಕುಡಿದು ಬಿಗಿದ ಕಾಂಡ ಸ್ವಲ್ಪ ಬಗ್ಗಿಸಿದರೂ ಪಟ್ಟನೆ ಮುರಿಯುತ್ತದೆ. ತುಸು ಬಾಯಾರಿದ ಕಾಂಡ ಹೇಳಿದಂತೆ ಬಾಗುತ್ತದೆ. ಎಲೆಯ ತುದಿ ಸ್ವಲ್ಪ ಮೆತ್ತಗಾಗಬೇಕು ಅಷ್ಟೇ, ಪೂರ್ತಿ ಜೋತುಬೀಳುವವರೆಗೆ ಕಾಯಬೇಡಿ.

ಕುಂಡದಲ್ಲಿ ತಳದ ಕಾಲು ಭಾಗ ಮಾತ್ರ ಮಣ್ಣು ತುಂಬಿ. ಹಳೆಯ ಚಮಚದ ಹಿಡಿಯನ್ನು ಸಸಿಯ ಪಕ್ಕದಲ್ಲಿ ಆಳಕ್ಕೆ ಇಳಿಸಿ, ಬೇರಿನ ಮಣ್ಣಿನ ಸಮೇತ ಮೇಲೆತ್ತಿ. ಇನ್ನೊಂದು ಕೈಯಲ್ಲಿ ಬೀಜದೆಲೆಯನ್ನು ಹಿಡಿದಿರಿ. ಕಾಂಡ ಮುಟ್ಟಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ಜಜ್ಜಿದರೆ ಸಸಿಯೇ ಹೋಯಿತು. ಬೇರನ್ನು ಕುಂಡದ ತಳದಲ್ಲಿ ಕೂರಿಸಿ. ಕಾಂಡ ಉದ್ದವಿದ್ದರೆ ಕುಂಡದ ಒಳಗೋಡೆಗೆ ಒರಗಿಸಿ ಮೆಲ್ಲಗೆ ಒಂದು ಸುತ್ತು ಬಳಸಿ. ಆಮೇಲೆ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಸುತ್ತ ಉದುರಿಸುತ್ತ ಬನ್ನಿ, ಬೀಜದೆಲೆಯ ಕೆಳಗೆ ಒಂದು ಅಕ್ಕಿಕಾಳಿನಷ್ಟು ಅಂತರ ಉಳಿಯುವವರೆಗೆ. ಎಲೆ ಮಣ್ಣಿಗೆ ತಾಗಿದರೆ ಕೊಳೆಯುತ್ತದೆ. ಹೆಬ್ಬೆರಳಿಂದ ಅದುಮುವ ಅಭ್ಯಾಸ ಬಿಡಿ, ಎಳೆ ಬೇರು ಹರಿಯುತ್ತದೆ. ಕುಂಡವನ್ನು ಮೇಜಿನ ಮೇಲೆ ಎರಡು ಸಲ ಕುಟ್ಟಿ, ಮಣ್ಣು ತಾನಾಗಿ ಕೂರುತ್ತದೆ. ಈಗ ತಟ್ಟೆಯಲ್ಲಿಟ್ಟು ನೀರು ಕೊಡಿ, ಎರಡು ದಿನ ನೇರ ಬಿಸಿಲು ತಪ್ಪಿಸಿ. ಇಷ್ಟುದ್ದ ಇದ್ದ ಸಸಿ ಹೀಗೆ ಕುಳ್ಳಗಾಯಿತಲ್ಲ ಅಂತ ಬೇಜಾರಾಗಬೇಡಿ. ಒಂದು ವಾರ ಬೆಳೆದಂತೆ ಕಾಣುವುದಿಲ್ಲ, ಒಳಗೆ ಕೆಲಸ ನಡೆದಿರುತ್ತದೆ. ಕುಂಡದ ತಳದ ತೂತಿನಲ್ಲಿ ಬಿಳಿ ಬೇರು ಇಣುಕಿದರೆ ಇನ್ನೂ ದೊಡ್ಡ ಕುಂಡಕ್ಕೆ ಹಾಕಿ, ಮತ್ತೆ ಹೂಳಿ. ಆಗ ಕೆಳಗಿನ ಎಲೆಗಳನ್ನು ಹಿಂದಿನ ದಿನವೇ ಚಿವುಟಿಡಿ, ಗಾಯ ಒಣಗಿರಲಿ.

ಹೊರಗೆ ಒಯ್ಯುವ ಮೊದಲು ಪಳಗಿಸಬೇಕು. ಒಂದು ವರ್ಷ ನನಗೂ ಆತುರವಾಗಿ ಒಳಗಿದ್ದ ಸಸಿಗಳನ್ನೆಲ್ಲ ಒಮ್ಮೆಗೇ ನಡುಮಧ್ಯಾಹ್ನದ ಬಿಸಿಲಿಗೆ ಇಟ್ಟೆ. ಮರುದಿನದ ಹೊತ್ತಿಗೆ ಎಲೆಗಳು ಕಾಗದದ ಹಾಗೆ ಬಿಳಿಚಿಕೊಂಡಿದ್ದವು. ತಿಂಗಳ ಕೆಲಸ ಹೋಯಿತು, ಆ ನೋವು ಇನ್ನೂ ಇದೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ನಾಳೆ ಎರಡು, ಆಮೇಲೆ ಬೆಳಗಿನ ಎಳೆಬಿಸಿಲು, ಹೀಗೆ 7ರಿಂದ 10 ದಿನ. ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವಂತಿದ್ದರೆ ಒಳಗೆ ತನ್ನಿ.

ಗಿಡ ಒಂದು ಗೇಣು ಎತ್ತರವಾದರೆ ನಾಟಿಗೆ ಬಂತು. ಸಂಜೆ ನೆಡಿ, ಇಲ್ಲವೇ ಮೋಡದ ದಿನ. ಒಂದೂವರೆ ಎರಡು ಅಡಿ ಅಂತರ ಇರಲಿ. ಇಲ್ಲೂ ಅಷ್ಟೇ, ಮೇಲಿನ ಎರಡು ಮೂರು ಜೊತೆ ಎಲೆ ಬಿಟ್ಟು ಮಿಕ್ಕಿದ್ದು ಮಣ್ಣೊಳಗೆ. ಗಿಡ ಉದ್ದವಾಗಿದ್ದರೆ ಆಳದ ಗುಂಡಿ ಬೇಡ, ಕೈಯುದ್ದದ ಕಾಲುವೆ ತೋಡಿ ಮಲಗಿಸಿ, ತುದಿಯನ್ನಷ್ಟೇ ಮೇಲೆ ಬಾಗಿಸಿ. ಎರಡು ದಿನದಲ್ಲಿ ತಾನಾಗಿ ನೆಟ್ಟಗಾಗುತ್ತದೆ. ಆಸರೆ ಕೋಲನ್ನು ಮಣ್ಣು ಮುಚ್ಚುವ ಮೊದಲೇ ನೆಡಿ, ಆಮೇಲೆ ನೆಟ್ಟರೆ ಮಲಗಿರುವ ಕಾಂಡಕ್ಕೇ ಚುಚ್ಚುತ್ತೀರಿ. ಒಂದು ಎಚ್ಚರಿಕೆ, ಕಸಿ ಕಟ್ಟಿದ ಸಸಿಯನ್ನು ಮಾತ್ರ ಹೀಗೆ ಹೂಳಬಾರದು, ಅದರ ಕಸಿಯ ಗಂಟು ಮಣ್ಣಿನ ಮೇಲೇ ಇರಬೇಕು.

ನೆಟ್ಟ ಕೂಡಲೇ ಬುಡ ತುಂಬ ನೀರು ಕೊಡಿ. ಮೊದಲ ಎರಡು ಮೂರು ದಿನ ಮಧ್ಯಾಹ್ನ ಎಲೆ ಬಾಡುತ್ತದೆ. ಗಾಬರಿಯಾಗಿ ಕೊಡ ಹಿಡಿದು ಓಡಬೇಡಿ. ಮೊದಲು ಬುಡದ ಮಣ್ಣಿಗೆ ಬೆರಳು ಇಳಿಸಿ ನೋಡಿ. ತಂಪಾಗಿದ್ದರೆ ಹಾಗೇ ಬಿಡಿ, ಸಂಜೆಗೆ ತಲೆ ಎತ್ತಿರುತ್ತದೆ.