ಎಡಗಾಲಿಗೆ ರಜೆ: ಗೇರ್ ಕಾರು ಬಿಟ್ಟು ಆಟೋಮ್ಯಾಟಿಕ್ ತಗೊಂಡ ನನ್ನ ಅನುಭವ

ಒಂದು ಶುಕ್ರವಾರ ಸಂಜೆ ಬೆಳ್ಳಂದೂರಿನ ನಾದಿನಿ ಮನೆಯಿಂದ ಬನಶಂಕರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿದ್ದ ಮಗಳು ಮೊಬೈಲ್ ಬೇಕು ಅಂತ ರಾಗ ತೆಗೆದಳು. ಅವಳಿಗೊಂದು ಕೆಲಸ ಹಚ್ಚಿದೆ. ನಾನು ಕ್ಲಚ್ ಒತ್ತಿದಾಗಲೆಲ್ಲ "ಹ್ಞಾಂ" ಅನ್ನುವುದು, ಅವಳು ಎಣಿಸುವುದು. ಇಬ್ಬಲೂರು ಜಂಕ್ಷನ್ ದಾಟುವಾಗ ತೊಂಬತ್ತು ಆಗಿತ್ತು. ಅಗರ ಕೆರೆಯ ಹತ್ತಿರ ನೂರಾ ನಲವತ್ತಕ್ಕೆ ಬರುವಷ್ಟರಲ್ಲಿ ಅವಳಿಗೆ ಬೇಜಾರಾಗಿ ನಿದ್ದೆ ಹೋದಳು. ಸಿಲ್ಕ್ ಬೋರ್ಡ್ ಇನ್ನೂ ಬಂದಿರಲಿಲ್ಲ.

ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 28 ನಿಮಿಷ 10 ಸೆಕೆಂಡು ಬೇಕಿತ್ತು. ಅದನ್ನು ಓದಿ ನಾನು ನಕ್ಕಿದ್ದೆ. ನನ್ನ ಆಫೀಸ್ ಇರುವುದು ಮಾರತ್ತಹಳ್ಳಿಯಲ್ಲಿ. 28 ನಿಮಿಷಕ್ಕೆ 10 ಕಿಲೋಮೀಟರ್ ಹೋದ ದಿನ ಬಂದ್ ಇತ್ತಾ ಅಂತ ಕೇಳಬೇಕು.

ಹನ್ನೆರಡು ವರ್ಷ ಗೇರ್ ಕಾರು ಓಡಿಸಿದವಳು ನಾನು. ಎಡ ಮಂಡಿ ಸಂಜೆ ಹೊತ್ತಿಗೆ ಹಿಡಿದುಕೊಳ್ಳಲು ಶುರುವಾಯಿತು. ಡಾಕ್ಟರು ಮಂಡಿ ಒತ್ತಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಕಾರು ಓಡಿಸ್ತೀರಾ? ಗೇರ್‌ದಾ?" ಆವತ್ತೇ ತೀರ್ಮಾನ ಆಯಿತು ಅಂದುಕೊಂಡಿದ್ದೆ. ಆಗಲಿಲ್ಲ. ಆರು ತಿಂಗಳು ಹಿಡಿಯಿತು.

ಒಬ್ಬೊಬ್ಬರದು ಒಂದೊಂದು ಮಾತು. ಆಫೀಸಿನಲ್ಲಿ, "ಮೈಲೇಜ್ ಬರಲ್ಲ." ನಮ್ಮ ಮನೆಯವರು, "ಓಡಿಸೋ ಮಜಾನೇ ಇರಲ್ಲ." (ಇವರಿಗೆ ಆಗ ಕಾರು ಓಡಿಸಲು ಬರುತ್ತಲೇ ಇರಲಿಲ್ಲ, ಬೈಕ್ ಮಾತ್ರ.) ತೀರ್ಥಹಳ್ಳಿಯಿಂದ ಅಪ್ಪಯ್ಯ ಫೋನಿನಲ್ಲಿ, "ಗೇರಿಲ್ಲದ ಗಾಡಿ ತಗಂಡು ಘಟ್ಟದಲ್ಲಿ ಎಂತ ಮಾಡ್ತಿ ಮಾರಾಯ್ತಿ?" ಅಪ್ಪಯ್ಯನ ಪ್ರಶ್ನೆಯಲ್ಲಿ ಮಾತ್ರ ತೂಕ ಇತ್ತು. ಅದು ಆಮೇಲೆ ಗೊತ್ತಾಯಿತು.

ಶೋರೂಮಿಗೆ ಹೋಗುವವರೆಗೂ ಆಟೋಮ್ಯಾಟಿಕ್ ಅಂದರೆ ಒಂದೇ ಜಾತಿ ಅಂದುಕೊಂಡಿದ್ದೆ. ಅಲ್ಲ. ಎರಡೇ ಪೆಡಲ್ ಇರುವುದೊಂದು ಬಿಟ್ಟರೆ ಒಳಗಡೆ ನಾಲ್ಕು ಬೇರೆ ಬೇರೆ ಯಂತ್ರ.

ಅಗ್ಗದ್ದು ಎಎಂಟಿ. 2014ರಲ್ಲಿ ಮಾರುತಿಯವರು ಸೆಲೆರಿಯೋದಲ್ಲಿ ತಂದ ಮೇಲೆ ನಮ್ಮಂಥವರ ಕೈಗೆಟುಕಿದ್ದು ಇದೇ. ಒಳಗೆ ಇರುವುದು ಅದೇ ಗೇರ್ ಕಾರಿನ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ನಮ್ಮ ಕಾಲಿನ ಕೆಲಸ, ಕೈಯ ಕೆಲಸ ಎರಡನ್ನೂ ಒಂದು ಚಿಕ್ಕ ಯಂತ್ರ ಮಾಡುತ್ತದೆ. ಹಾಗಾಗಿ ಮೈಲೇಜ್ ಹೆಚ್ಚುಕಮ್ಮಿ ಗೇರ್ ಕಾರಿನಷ್ಟೇ ಬರುತ್ತದೆ. ಆದರೆ ಗೇರ್ ಬದಲಾಗುವಾಗ ಒಂದು ಕ್ಷಣ ಕಾರು ಉಸಿರು ಹಿಡಿದ ಹಾಗೆ ಆಗುತ್ತದೆ, ಕುತ್ತಿಗೆ ಮುಂದಕ್ಕೆ ವಾಲುತ್ತದೆ.

ಟೆಸ್ಟ್ ಡ್ರೈವ್ ಅಂದರೆ ಶೋರೂಮಿನವರು ಒಂದು ಖಾಲಿ ರಸ್ತೆಯಲ್ಲಿ ಸುತ್ತು ಹೊಡೆಸಿ ವಾಪಸ್ ಕರೆತರುತ್ತಾರೆ. ನಾನು ಒಪ್ಪಲಿಲ್ಲ. "ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋಗಿ ಬರೋಣ" ಅಂದೆ. ನಮ್ಮ ಬೇಸ್‌ಮೆಂಟಿನ ಇಳಿಜಾರು ಕಟ್ಟಿದವನಿಗೇ ಪ್ರೀತಿ. ಕಡಿದು, ಮೇಲೆ ತುದಿಯಲ್ಲೊಂದು ತಿರುವು, ಎದುರಿಗೆ ಯಾರು ಬರುತ್ತಾರೆ ಕಾಣುವುದಿಲ್ಲ. ಕೆಳಗಿಂದ ಹತ್ತುತ್ತಾ ಬೇಕಂತಲೇ ಅರ್ಧಕ್ಕೆ ನಿಲ್ಲಿಸಿದೆ. ಬ್ರೇಕಿನಿಂದ ಕಾಲು ತೆಗೆದು ಆಕ್ಸಿಲರೇಟರ್‌ಗೆ ಇಡುವಷ್ಟರಲ್ಲಿ ಎಎಂಟಿ ಕಾರು ಹಿಂದಕ್ಕೆ ಜಾರಿತು. ಒಂದಡಿ, ಒಂದೂವರೆ ಅಡಿ. ಹಿಂದೆ ನಿಂತಿದ್ದ ವಾಚ್‌ಮನ್ ಗೋಡೆಗೆ ಒರಗಿಕೊಂಡ. ಪಕ್ಕದಲ್ಲಿದ್ದ ಸೇಲ್ಸ್ ಹುಡುಗ ಮೆಲ್ಲಗೆ, "ಇಲ್ಲಿ ಹ್ಯಾಂಡ್‌ಬ್ರೇಕ್ ಹಾಕ್ಕೊಂಡು ತಗೀಬೇಕು ಮೇಡಂ" ಅಂದ. ಹ್ಯಾಂಡ್‌ಬ್ರೇಕ್ ಎಳೆದು ಏರಿನಲ್ಲಿ ಗಾಡಿ ತೆಗೆಯೋದಾದರೆ ನನ್ನ ಹಳೇ ಕಾರೇ ಸಾಕಲ್ವಾ? ಈಗ ಹಿಲ್ ಹೋಲ್ಡ್ ಇರುವ ಎಎಂಟಿಗಳೂ ಇವೆ, ಬ್ರೇಕ್ ಬಿಟ್ಟರೂ ಎರಡು ಸೆಕೆಂಡಿನಷ್ಟು ಜಾರದಂತೆ ಹಿಡಿದುಕೊಳ್ಳುತ್ತವೆ. ನಾನು ನೋಡಿದ್ದರಲ್ಲಿ ಇರಲಿಲ್ಲ. ಇನ್ನೊಂದು ವಿಷಯ: ಏರಿನಲ್ಲಿ ಜಾರದಂತೆ ಆಕ್ಸಿಲರೇಟರ್ ಒತ್ತಿ ಹಿಡಿದು ನಿಲ್ಲಿಸುವ ಚಾಳಿ ಇದ್ದರೆ ಎಎಂಟಿಯ ಕ್ಲಚ್ ಸುಡುತ್ತದೆ. ಕ್ಲಚ್ ಪೆಡಲ್ ಇಲ್ಲ ಅಂದ ಮಾತ್ರಕ್ಕೆ ಕ್ಲಚ್ ಇಲ್ಲ ಅಂತಲ್ಲ.

ಎರಡನೆಯದು ಸಿವಿಟಿ. ಇದರಲ್ಲಿ ಗೇರ್ ಅಂತ ಇರುವುದೇ ಇಲ್ಲ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್. ಪುಲ್ಲಿಗಳು ಅಗಲ ಕಿರಿದಾಗುತ್ತಾ ಹೋಗುತ್ತವೆ. ನಮ್ಮ ಗೇರಿಲ್ಲದ ಸ್ಕೂಟರ್‌ಗಳಲ್ಲಿರುವುದೂ ಇದೇ ಉಪಾಯ. ಊರೊಳಗೆ ಬೆಣ್ಣೆಯ ಹಾಗೆ ಹೋಗುತ್ತದೆ. ಓವರ್‌ಟೇಕ್ ಮಾಡಲು ಜೋರಾಗಿ ಒತ್ತಿದರೆ ಮಾತ್ರ ಎಂಜಿನ್ ಮೊದಲು ಕೂಗುತ್ತದೆ, ವೇಗ ಆಮೇಲೆ ಬರುತ್ತದೆ. ನನಗೆ ಇಷ್ಟವಾಗಿತ್ತು, ಬಜೆಟ್ಟಿಗೆ ಹೊಂದಲಿಲ್ಲ.

ಮೂರನೆಯದು ಡಿಸಿಟಿ. ಎರಡು ಕ್ಲಚ್ ಇರುವುದರಿಂದ ಮುಂದಿನ ಗೇರ್ ರೆಡಿಯಾಗಿ ಕಾದಿರುತ್ತದೆ, ಬದಲಾಗಿದ್ದೇ ಗೊತ್ತಾಗಲ್ಲ. ಓಡಿಸಲು ಇದರಷ್ಟು ಖುಷಿ ಇನ್ನೊಂದಿಲ್ಲ. ಆದರೆ ಒಣ ಕ್ಲಚ್ ಇರುವ ಡಿಸಿಟಿಗಳು ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುತ್ತವೆ. ನನ್ನ ಕಸಿನ್ ಒಬ್ಬ ಟಿನ್ ಫ್ಯಾಕ್ಟರಿ ಹತ್ತಿರ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಎಚ್ಚರಿಕೆ ಬಂದು, ಬದಿಗೆ ಹಾಕಿ ಅರ್ಧ ಗಂಟೆ ಕೂತಿದ್ದ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ಚಿನವು ಈ ವಿಷಯದಲ್ಲಿ ವಾಸಿ. ಆದರೂ ನನಗೆ ಧೈರ್ಯ ಬರಲಿಲ್ಲ.

ನಾಲ್ಕನೆಯದು ಟಾರ್ಕ್ ಕನ್ವರ್ಟರ್. ಹಳೇ ಕಾಲದ್ದು, ಗಟ್ಟಿ ಪಿಂಡ. ಎಂಜಿನ್ನಿಗೂ ಗೇರಿಗೂ ನಡುವೆ ಕ್ಲಚ್ ಪ್ಲೇಟ್ ಬದಲು ಎಣ್ಣೆ. ಎಂಜಿನ್ ಕಡೆಯ ರೆಕ್ಕೆ ತಿರುಗಿ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಎದುರಿನ ರೆಕ್ಕೆಯನ್ನು ತಿರುಗಿಸುತ್ತದೆ. ಎದುರುಬದುರು ಎರಡು ಫ್ಯಾನ್ ಇಟ್ಟು ಒಂದನ್ನು ಹಾಕಿದರೆ ಇನ್ನೊಂದೂ ತಿರುಗುವುದಿಲ್ಲವಾ, ಹಾಗೆ. ತಾಗುವ ಪ್ಲೇಟಿಲ್ಲ, ಹಾಗಾಗಿ ತೆವಳಿದರೂ ಸವೆಯುವುದಿಲ್ಲ. ಎಣ್ಣೆಯಲ್ಲಿ ಒಂದಿಷ್ಟು ಶಕ್ತಿ ಸೋರಿಹೋಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುವುದು ಅದಕ್ಕೇ. ಅದೇ ಇಳಿಜಾರಿನಲ್ಲಿ ಅರ್ಧಕ್ಕೆ ನಿಲ್ಲಿಸಿ ಬ್ರೇಕ್ ಬಿಟ್ಟೆ. ಕಾರು ಜಾರಲಿಲ್ಲ. ಒಂದು ಕ್ಷಣ ಸುಮ್ನೆ ನಿಂತು, ತಾನಾಗೇ ಮೇಲಕ್ಕೆ ಹೆಜ್ಜೆ ಇಟ್ಟಿತು. ಈ ಸಲ ವಾಚ್‌ಮನ್ ಮೊದಲೇ ದೂರ ಹೋಗಿ ನಿಂತಿದ್ದ.

ಇದನ್ನೇ ತಗೊಂಡೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಇದು ಜಾಹೀರಾತಲ್ಲ. ದುಡ್ಡಿನ ಲೆಕ್ಕ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ನಾನು ಮೊದಲು ಎಡವಿದ್ದೆ. ಒಂದೇ ಮಾಡೆಲ್ಲಿನ ಗೇರ್ ಕಾರು ಶೋರೂಮ್ ಬೆಲೆಯಲ್ಲಿ 9.80 ಲಕ್ಷ, ಆಟೋಮ್ಯಾಟಿಕ್ 11.20 ಲಕ್ಷ. ವ್ಯತ್ಯಾಸ 1.40 ಲಕ್ಷ ಅಂದುಕೊಂಡೆ. ಕೊಟೇಶನ್ ಬಂದಾಗ ನೋಡಿದರೆ ಎರಡು ಲಕ್ಷ ದಾಟಿದೆ. ಕಾರಣ ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್. 5ರಿಂದ 10 ಲಕ್ಷದವರೆಗಿನ ಕಾರಿಗೆ ಶೇ 14, 10 ಲಕ್ಷ ದಾಟಿದರೆ 20 ಲಕ್ಷದವರೆಗೆ ಶೇ 17. ಅದೂ ದಾಟಿದ ಭಾಗಕ್ಕಲ್ಲ, ಪೂರ್ತಿ ಬೆಲೆಗೆ. ಗೇರ್ ಕಾರಿಗೆ 1,37,200 ರೂಪಾಯಿ, ಆಟೋಮ್ಯಾಟಿಕ್‌ಗೆ 1,90,400. ಟ್ಯಾಕ್ಸ್ ಒಂದರಲ್ಲೇ 53 ಸಾವಿರ ಜಾಸ್ತಿ. ಅದರ ಮೇಲೆ ಸೆಸ್, ಇನ್ಶೂರೆನ್ಸ್ ಬೇರೆ. ನಿಮ್ಮ ಕಾರು ಈ 10 ಲಕ್ಷದ ಗೆರೆಯ ಆಚೀಚೆ ಇದ್ದರೆ ಶೋರೂಮ್ ಬೆಲೆ ನೋಡಿ ಕೂರಬೇಡಿ, ಆನ್ ರೋಡ್ ಎಷ್ಟು ಅಂತ ಎರಡಕ್ಕೂ ಬರೆಸಿಕೊಳ್ಳಿ.

ಪೆಟ್ರೋಲ್ ವಿಷಯ. ನನ್ನ ಸಹೋದ್ಯೋಗಿಯ ಹತ್ತಿರ ಇದೇ ಕಾರಿನ ಗೇರ್ ಮಾಡೆಲ್ ಇದೆ, ಹೆಚ್ಚುಕಮ್ಮಿ ಅದೇ ದಾರಿ. ಅವರಿಗೆ ಊರೊಳಗೆ ಲೀಟರಿಗೆ ಹನ್ನೆರಡೂವರೆ ಕಿಲೋಮೀಟರ್ ಬರುತ್ತದೆ, ನನಗೆ ಹತ್ತೂವರೆ. ತಿಂಗಳಿಗೆ 600 ಕಿಲೋಮೀಟರ್ ಅಂದರೆ ನನಗೆ 9 ಲೀಟರ್ ಜಾಸ್ತಿ ಖರ್ಚು, ಸುಮಾರು ಒಂಬೈನೂರು ರೂಪಾಯಿ. ಫಿಸಿಯೋಥೆರಪಿಗೆ ಒಂದು ಸಲ ಹೋದರೆ ಅಷ್ಟಾಗುತ್ತಿತ್ತು. ನನಗೆ ಇದು ನಷ್ಟ ಅನ್ನಿಸಲಿಲ್ಲ. ಹಳೇ ಕಾರಿಗೆ 52 ಸಾವಿರ ಕಿಲೋಮೀಟರಿಗೇ ಕ್ಲಚ್ ಪ್ಲೇಟ್ ಹಾಕಿಸಿದ್ದೂ ನೆನಪಿತ್ತು.

ಮೊದಲ ವಾರ ನಾನು ಯಾರಿಗೂ ಹೇಳದ ಒಂದು ಎಡವಟ್ಟು ಮಾಡಿದೆ. ಜಯದೇವ ಆಸ್ಪತ್ರೆ ಹತ್ತಿರ ಸಿಗ್ನಲ್ ಕೆಂಪಾಯಿತು. ಹನ್ನೆರಡು ವರ್ಷದ ಅಭ್ಯಾಸ, ಎಡಗಾಲು ತಾನಾಗೇ ಎದ್ದು ಕ್ಲಚ್ ಹುಡುಕಿತು. ಸಿಕ್ಕಿದ್ದು ಅಗಲವಾದ ಬ್ರೇಕ್ ಪೆಡಲ್. ಕ್ಲಚ್ ಒತ್ತುವ ಜೋರಿನಲ್ಲೇ ಪೂರ್ತಿ ಒತ್ತಿಬಿಟ್ಟೆ. ಕಾರು ಕಂಬಕ್ಕೆ ಕಟ್ಟಿದ ಹಾಗೆ ನಿಂತಿತು. ಬ್ಯಾಗು ಡ್ಯಾಶ್‌ಬೋರ್ಡಿಗೆ ಹೋಗಿ ಬಡಿಯಿತು, ಹಿಂದಿದ್ದ ಆಟೋದವರು ಮುಂದೆ ಬಂದು ನನ್ನ ಮುಖ ನೋಡಿ ಏನೂ ಅನ್ನದೆ ಹೋದರು. ಅದೇ ಜಾಸ್ತಿ ಅವಮಾನ. ಆಮೇಲೆ ಹದಿನೈದು ದಿನ ಎಡಗಾಲಿನ ಚಪ್ಪಲಿ ಬಿಚ್ಚಿ, ಪಾದವನ್ನು ಸೀಟಿನ ಹತ್ತಿರ ಹಿಂದಕ್ಕೆ ಮಡಚಿಟ್ಟು ಓಡಿಸಿದೆ. ಗೇರ್ ಕಾರಿನಿಂದ ಬರುವವರಿಗೆ ನಾನು ಹೇಳುವುದು ಇದೊಂದನ್ನೇ: ಎಡಗಾಲನ್ನು ಎಲ್ಲಾದರೂ ಬಚ್ಚಿಡಿ.

ಇಳಿಜಾರಿನಲ್ಲಿ ನಿಲ್ಲಿಸುವ ಕ್ರಮವನ್ನು ತಪ್ಪು ಮಾಡಿಯೇ ಕಲಿತೆ. ಗೇರ್ ಲಿವರನ್ನು ಸುಮ್ನೆ ಪಿಗೆ (ಪಾರ್ಕಿಂಗ್) ಹಾಕಿ ಬ್ರೇಕ್ ಬಿಟ್ಟರೆ ಕಾರಿನ ಇಡೀ ಭಾರ ಗೇರ್‌ಬಾಕ್ಸಿನೊಳಗಿನ ಒಂದು ಚಿಕ್ಕ ಕೊಂಡಿಯ ಮೇಲೆ ಬೀಳುತ್ತದೆ. ಮಾರನೇ ದಿನ ಪಿಯಿಂದ ತೆಗೆಯುವಾಗ "ಟಕ್" ಅಂತ ಎದೆ ಹೊಡೆದುಕೊಳ್ಳುವಂಥ ಸದ್ದು. ಮೊದಲು ನ್ಯೂಟ್ರಲ್, ಆಮೇಲೆ ಹ್ಯಾಂಡ್‌ಬ್ರೇಕ್, ಕಾಲು ಸಡಿಲಿಸಿ ಕಾರು ಹ್ಯಾಂಡ್‌ಬ್ರೇಕಿನ ಮೇಲೆ ಕೂತ ಮೇಲೆ ಪಿ. ಈಗ ಆ ಸದ್ದಿಲ್ಲ.

ಘಟ್ಟದ ಪರೀಕ್ಷೆ ದಸರಾ ರಜೆಯಲ್ಲಿ ಆಯಿತು. ಊರಿಂದ ಹೆಬ್ರಿಗೆ ಮದುವೆಗೆ ಹೊರಟು ಆಗುಂಬೆ ಇಳಿಯುತ್ತಿದ್ದೆವು. ಅಪ್ಪಯ್ಯ ಪಕ್ಕದಲ್ಲಿ. ನಾನು ಪೂರಾ ಡಿಯಲ್ಲೇ (ಡ್ರೈವ್) ಇಳಿಸುತ್ತಿದ್ದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಗೇರ್‌ಬಾಕ್ಸ್ ತನ್ನಷ್ಟಕ್ಕೆ ಮೇಲಿನ ಗೇರಿಗೆ ಹೋಗುತ್ತದೆ, ಕಾರು ಓಡುತ್ತದೆ, ನಾನು ಬ್ರೇಕ್ ಒತ್ತುತ್ತೇನೆ. ಹದಿನಾಲ್ಕು ಹೇರ್‌ಪಿನ್ ತಿರುವಿನಲ್ಲಿ ಒಂಬತ್ತನೆಯದು ದಾಟುವಾಗ ಸುಟ್ಟ ವಾಸನೆ ಬಂತು. ಅಪ್ಪಯ್ಯ ಮೂಗು ಅರಳಿಸಿ, "ಬ್ರೇಕು ಕಾದದೆ, ಬದಿಗೆ ಹಾಕು" ಅಂದರು. ಅಗಲ ಜಾಗ ನೋಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಂಗಗಳನ್ನು ನೋಡುತ್ತಾ ನಿಂತೆವು.

"ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳೀಬೇಕು ಅಂತ ಜೀಪಲ್ಲಿ ಹೇಳಿಕೊಟ್ಟಿದ್ದೆ ನಾನು."

"ಇದರಲ್ಲಿ ಗೇರೇ ಇಲ್ಲ ಅಂದವರು ನೀವೇ ಅಲ್ವಾ ಅಪ್ಪಯ್ಯ."

"ಇಲ್ದೆ ಎಂತ? ಅಲ್ಲಿ ಎಂ ಅಂತ ಬರ್ದಿದ್ದು ಎಂತಕ್ಕೆ?"

ಮೂರು ತಿಂಗಳಿಂದ ಓಡಿಸುತ್ತಿದ್ದರೂ ಗೇರನ್ನು ನಾವೇ ಆರಿಸಿಕೊಳ್ಳುವ ಆ ಎಂ (ಮ್ಯಾನುವಲ್) ಅಕ್ಷರವನ್ನು ನಾನು ಮುಟ್ಟಿರಲಿಲ್ಲ. ಎಂಗೆ ತಂದು ಎರಡನೇ ಗೇರಿನಲ್ಲಿ ಹಿಡಿದೆ. ಎಂಜಿನ್ ಗುರ್ ಅಂತ ಕಾರನ್ನು ತಡೆಯಿತು. ಉಳಿದ ಐದು ತಿರುವಿಗೆ ಬ್ರೇಕನ್ನು ತಿರುವಿನಲ್ಲಿ ಮುಟ್ಟಿದ್ದು ಬಿಟ್ಟರೆ ಕೆಲಸವೇ ಇರಲಿಲ್ಲ. ಸೋಮೇಶ್ವರದಲ್ಲಿ ಕಾಫಿ ಕುಡಿಯುವಾಗ ಅಪ್ಪಯ್ಯ ಕಾರಿನ ಬಗ್ಗೆ ಬೇರೇನೂ ಹೇಳಲಿಲ್ಲ. ಬೈಯಲಿಲ್ಲ ಅಂದರೆ ಒಪ್ಪಿಗೆಯಾಯಿತು ಅಂತ ನಮ್ಮ ಮನೆಯಲ್ಲಿ ಅರ್ಥ.

ಆದರೆ ಊರಿನಲ್ಲಿ ಗೇರ್ ಕಾರೇ ಗೆಲ್ಲುವ ಜಾಗಗಳಿವೆ. ಒಮ್ಮೆ ಒಳಗಿನ ಲೈಟ್ ಆರಿಸದೆ ಎರಡು ದಿನ ಅಂಗಳದಲ್ಲಿ ಬಿಟ್ಟು ಬ್ಯಾಟರಿ ಸತ್ತಿತು. ಹಳೇ ಕಾರಾಗಿದ್ದರೆ ನಾಲ್ಕು ಜನ ದಬ್ಬಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಸ್ಟಾರ್ಟ್. ಪಕ್ಕದ ಮನೆಯವರು ಪಂಚೆ ಮೇಲೆತ್ತಿ ಕಟ್ಟಿಕೊಂಡು ದಬ್ಬಲು ಬಂದೇಬಿಟ್ಟರು. ಇದನ್ನು ದಬ್ಬಿ ಸ್ಟಾರ್ಟ್ ಮಾಡಲು ಆಗುವುದಿಲ್ಲ ಅಂತ ಅವರಿಗೆ ನಂಬಿಸುವುದೇ ಕಷ್ಟವಾಯಿತು. ಕೊನೆಗೆ ತೀರ್ಥಹಳ್ಳಿಯಿಂದ ಜಂಪರ್ ಕೇಬಲ್ ತರಿಸಿ, ಅಪ್ಪಯ್ಯನ ಜೀಪಿನ ಬ್ಯಾಟರಿಯಿಂದ ಎಬ್ಬಿಸಿದೆವು. ಈಗ ಕೇಬಲ್ ಡಿಕ್ಕಿಯಲ್ಲೇ ಇರುತ್ತದೆ. ಕೆಟ್ಟು ನಿಂತರೆ ಮುಂದಿನ ಚಕ್ರ ನೆಲದ ಮೇಲೆ ಉರುಳುವ ಹಾಗೆ ಹಗ್ಗ ಕಟ್ಟಿ ಎಳೆಯಬಾರದು, ಗೇರ್‌ಬಾಕ್ಸ್ ಹಾಳಾಗುತ್ತದೆ, ಲಾರಿಯ ಮೇಲೆ ಹೇರಿಯೇ ಒಯ್ಯಬೇಕು ಅಂತಲೂ ಅವತ್ತೇ ಮ್ಯಾನುವಲ್ ಪುಸ್ತಕ ಓದಿ ತಿಳಿದೆ.

ಈಗ ನಮ್ಮ ಯಜಮಾನರೂ ಓಡಿಸುತ್ತಾರೆ. ಟೂ ವೀಲರಿಗೆ ಗೇರ್ ಇಲ್ಲದ್ದಕ್ಕೇ ಬೇರೆ ಲೈಸೆನ್ಸ್ ಇದೆ, ಕಾರಿಗೆ ನಮ್ಮಲ್ಲಿ ಹಾಗಿಲ್ಲ. ಆದರೂ ಡ್ರೈವಿಂಗ್ ಸ್ಕೂಲಿನ ಗೇರ್ ಕಾರಿನಲ್ಲೇ ಕಲಿಯಿರಿ ಅಂತ ಹಟ ಹಿಡಿದೆ. ಕಲಿತರು. "ಮಜಾ ಇರಲ್ಲ" ಅಂದ ಮನುಷ್ಯ ಈಗ ಗೇರ್ ಕಾರು ಮುಟ್ಟುವುದಿಲ್ಲ.

ಹೋದ ತಿಂಗಳು ಹಾಸನದಲ್ಲಿರುವ ತಂಗಿ ಕೇಳಿದಳು, "ಅಕ್ಕ, ನಾನೂ ನಿನ್ನ ಥರದ್ದೇ ತಗೊಳ್ಳಲಾ?" ಅವಳ ಸ್ಕೂಲು ಮನೆಯಿಂದ ನಾಲ್ಕು ಕಿಲೋಮೀಟರ್, ದಾರಿಯಲ್ಲಿ ಎರಡು ಸಿಗ್ನಲ್. ಎರಡು ಲಕ್ಷ ಸುಮ್ನೆ ಯಾಕೆ, ಗೇರ್‌ದೇ ತಗೋ ಅಂದೆ. ಅದನ್ನೇ ತಗೊಂಡಳು. ಪೂಜೆಗೆ ಹೋದಾಗ ಕೀ ನನ್ನ ಕೈಗೆ ಕೊಟ್ಟು ಒಂದು ರೌಂಡ್ ಹೋಗಿ ಬಾ ಅಂದಳು. ಗೇಟಿನ ಹತ್ತಿರ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವಷ್ಟರಲ್ಲಿ ಎರಡು ಸಲ ಆಫ್ ಮಾಡಿದೆ. "ಅಕ್ಕ, ಕ್ಲಚ್ಚು!" ಅಂತ ತಂಗಿ ಕೂಗಿದಾಗ ನೋಡಿಕೊಂಡರೆ, ನನ್ನ ಎಡಗಾಲು ಸೀಟಿನ ಹತ್ತಿರ ಮಡಚಿಕೊಂಡು ಕೂತಿತ್ತು.