ಲೆಸ್ಟರ್ ನಗರದ ಅಂಚಿನ ಓಡ್ಬಿಯಲ್ಲಿ ಮನೆ ಮಾಡುವವರಿಗೆ

ಇಂಗ್ಲೆಂಡಿನ ಲೆಸ್ಟರ್‌ನ ಆಸ್ಪತ್ರೆಗಳಲ್ಲಿ ಕೆಲಸ ಸಿಕ್ಕಿ ಅಥವಾ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಸೇರಿ ಸಂಸಾರ ಸಮೇತ ಬರುವ ಕನ್ನಡಿಗರು ಬಾಡಿಗೆ ಮನೆ ಹುಡುಕತೊಡಗಿದಾಗ ಓಡ್ಬಿಯ ಹೆಸರು ಬೇಗನೆ ಕಿವಿಗೆ ಬೀಳುತ್ತದೆ. ನಗರದ ಆಗ್ನೇಯಕ್ಕೆ, ಎ6 ರಸ್ತೆಯ ಇಕ್ಕೆಲಗಳಲ್ಲಿ ಹರಡಿರುವ ಈ ಊರಿನಲ್ಲಿ ಕುದುರೆ ಪಂದ್ಯದ ಮೈದಾನವಿದೆ, ಲೆಸ್ಟರ್ ವಿಶ್ವವಿದ್ಯಾಲಯದ ಸಸ್ಯೋದ್ಯಾನವಿದೆ, ಮನೆಗಳ ಸಾಲು ಮುಗಿಯುತ್ತಿದ್ದಂತೆ ಹೊಲಗಳು ಆರಂಭವಾಗುತ್ತವೆ. ಇಲ್ಲಿ ನೆಲೆಸಬಯಸುವವರು ಬಾಡಿಗೆಯನ್ನು ವಿಚಾರಿಸುವ ಮೊದಲೇ, ನೋಡುತ್ತಿರುವ ಮನೆ ಯಾವ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗೆ, ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಅಂಚೆ ವಿಳಾಸ ಇದನ್ನು ತಿಳಿಸುವುದಿಲ್ಲ. ಓಡ್ಬಿಯ ಮನೆಗಳ ವಿಳಾಸದಲ್ಲೂ ಲೆಸ್ಟರ್ ಎಂದೇ ಇರುತ್ತದೆ. ಎಲ್‌ಇ2 ಎಂದು ಆರಂಭವಾಗುವ ಪೋಸ್ಟ್‌ಕೋಡ್ ಓಡ್ಬಿಗೂ ಇದೆ, ನಗರದೊಳಗಿನ ಸ್ಟೋನಿಗೇಟ್, ಕ್ಲಾರೆಂಡನ್ ಪಾರ್ಕ್‌ಗಳಿಗೂ ಇದೆ. ಆದರೆ ಆಡಳಿತದ ಗೆರೆ ಇವೆರಡರ ನಡುವೆ ಹಾದುಹೋಗುತ್ತದೆ. ನಗರದೊಳಗಿನ ಮನೆಗೆ 1997ರಿಂದ ಎಲ್ಲ ಸೇವೆಗಳನ್ನೂ ಲೆಸ್ಟರ್ ಸಿಟಿ ಕೌನ್ಸಿಲ್ ಒಂದೇ ನೋಡಿಕೊಳ್ಳುತ್ತಿದೆ. ಓಡ್ಬಿಯಲ್ಲಿ ಸದ್ಯದ ವ್ಯವಸ್ಥೆಯಂತೆ ಕಸ ಒಯ್ಯುವುದು, ಕೌನ್ಸಿಲ್ ತೆರಿಗೆ ವಸೂಲಿ, ಮನೆ ಕಟ್ಟುವ ಅನುಮತಿ ಇವು ಓಡ್ಬಿ ಮತ್ತು ವಿಗ್ಸ್ಟನ್ ಬರೋ ಕೌನ್ಸಿಲ್‌ನ ಕೆಲಸವಾದರೆ, ಶಾಲಾ ಪ್ರವೇಶ, ರಸ್ತೆ, ಗ್ರಂಥಾಲಯಗಳು ಲೆಸ್ಟರ್‌ಶೈರ್ ಕೌಂಟಿ ಕೌನ್ಸಿಲ್‌ಗೆ ಸೇರಿವೆ. ಸರ್ಕಾರದ ಅಧಿಕೃತ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಕೊಟ್ಟರೆ ಆ ವಿಳಾಸದ ಕೌನ್ಸಿಲ್ ಯಾವುದೆಂದು ಕ್ಷಣದಲ್ಲಿ ತಿಳಿಯುತ್ತದೆ. ಹಾಗೆಯೇ ಮನೆಯ ತೆರಿಗೆ ಎ ಇಂದ ಎಚ್‌ವರೆಗಿನ ಯಾವ ಶ್ರೇಣಿಯಲ್ಲಿದೆ ಎಂದೂ ನೋಡಿಕೊಳ್ಳಿ. ಈ ಶ್ರೇಣಿ 1991ರ ಏಪ್ರಿಲ್‌ನ ಬೆಲೆಯ ಆಧಾರದ ಮೇಲೆ ನಿಂತಿರುವುದರಿಂದ ಇಂದಿನ ಬಾಡಿಗೆಯನ್ನು ನೋಡಿ ಅದನ್ನು ಊಹಿಸಲಾಗದು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇಕಡಾ 25ರಷ್ಟು ರಿಯಾಯಿತಿ ಸಿಗುತ್ತದೆ, ಆದರೆ ಅದನ್ನು ಅರ್ಜಿ ಹಾಕಿ ಪಡೆಯಬೇಕು.

ಮಕ್ಕಳಿರುವ ಕುಟುಂಬಗಳಿಗೆ ಈ ಗೆರೆ ಇನ್ನೂ ಮುಖ್ಯವಾಗುತ್ತದೆ. ಶಾಲೆ ಎಲ್ಲಿದ್ದರೂ ಅರ್ಜಿಯನ್ನು ತಾವು ವಾಸಿಸುವ ಕೌನ್ಸಿಲ್‌ಗೆ ಸಲ್ಲಿಸಬೇಕು. ಅಂದರೆ ಓಡ್ಬಿಯ ನಿವಾಸಿ ನಗರದ ಶಾಲೆಯೊಂದನ್ನು ಬಯಸಿದರೂ ಅರ್ಜಿ ಹೋಗುವುದು ಕೌಂಟಿಗೇ. ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿ ಪ್ರಾಥಮಿಕ ಶಾಲೆಗೆ ಸೇರುವ ಮಗುವಿಗೆ ಅದೇ ವರ್ಷದ ಜನವರಿ 15, ಪ್ರೌಢಶಾಲೆಗೆ ಹಿಂದಿನ ವರ್ಷದ ಅಕ್ಟೋಬರ್ 31 ಕೊನೆಯ ದಿನ. ವರ್ಷದ ನಡುವೆ ಬಂದವರು ನಡುವರ್ಷದ ಪ್ರವೇಶಕ್ಕೆ ಬೇರೆ ಅರ್ಜಿ ಹಾಕಬೇಕು, ಮತ್ತು ಮನೆಯೆದುರಿನ ಶಾಲೆಯಲ್ಲೇ ಸ್ಥಾನ ಸಿಗುತ್ತದೆ ಎಂದು ನೆಚ್ಚಿಕೊಳ್ಳಬಾರದು, ಏಕೆಂದರೆ ಮೊದಲ ಮೂರು ತರಗತಿಗಳಲ್ಲಿ ಒಬ್ಬ ಶಿಕ್ಷಕರಿಗೆ 30 ಮಕ್ಕಳೆಂಬ ಮಿತಿಯನ್ನು ಕಾನೂನೇ ವಿಧಿಸಿದೆ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಶಾಲೆಗೆ ಕರೆಮಾಡಿ, ಮಗುವಿನ ತರಗತಿಯಲ್ಲಿ ಸ್ಥಾನ ಖಾಲಿ ಇದೆಯೇ ಎಂದು ಕೇಳುವುದು ಒಳ್ಳೆಯದು.

ಕೆಲಸದ ಜಾಗವನ್ನೂ ಇದರೊಂದಿಗೆ ತೂಗಿ ನೋಡಬೇಕು. ಲೆಸ್ಟರ್ ಜನರಲ್ ಆಸ್ಪತ್ರೆ ಓಡ್ಬಿಗೆ ಹತ್ತಿರ, ರಾಯಲ್ ಇನ್‌ಫರ್ಮರಿ ನಗರದ ಮಧ್ಯದಲ್ಲಿದೆ, ಆದರೆ ಗ್ಲೆನ್‌ಫೀಲ್ಡ್ ಆಸ್ಪತ್ರೆ ನಗರದ ವಾಯವ್ಯದಲ್ಲಿರುವುದರಿಂದ ಅಲ್ಲಿಗೆ ಹೋಗುವವರು ಪ್ರತಿದಿನ ಊರನ್ನು ಅಡ್ಡಹಾಯಬೇಕಾಗುತ್ತದೆ. ಸಂಜೆಯ ನಂತರ ಮತ್ತು ಭಾನುವಾರ ಬಸ್ಸುಗಳು ಕಡಿಮೆಯಾಗುವುದರಿಂದ ರಾತ್ರಿ ಪಾಳಿಯವರು ವೇಳಾಪಟ್ಟಿಯಲ್ಲಿ ತಮ್ಮ ಪಾಳಿ ಆರಂಭವಾಗುವ ಮತ್ತು ಮುಗಿಯುವ ಹೊತ್ತಿಗೆ ಏನಿದೆ ಎಂದು ನೋಡಿಯೇ ಮನೆ ಗೊತ್ತುಮಾಡಬೇಕು.

ಮನೆಯನ್ನು ನೋಡಲು ಹೋದಾಗ ಬಣ್ಣ, ನೆಲಹಾಸುಗಳಿಗಿಂತ ಹೊರಗೋಡೆಗಳ ಒಳಮೂಲೆಗಳನ್ನು, ಬೀರುವಿನ ಹಿಂಭಾಗವನ್ನು, ಕಿಟಕಿಯ ಚೌಕಟ್ಟನ್ನು ಗಮನವಿಟ್ಟು ನೋಡಿ. ಅಲ್ಲಿ ಕಪ್ಪು ಚುಕ್ಕೆಗಳಿದ್ದರೆ ಅದು ಬೂಷ್ಟು. ನಮ್ಮ ಅಡುಗೆಯಲ್ಲಿ ಅನ್ನ, ಸಾರು, ಇಡ್ಲಿಗಳ ಹಬೆ ಹೆಚ್ಚು. ಚಳಿಗಾಲದಲ್ಲಿ ಒಗೆದ ಬಟ್ಟೆಯನ್ನೂ ಒಳಗೇ ಒಣಗಿಸುತ್ತೇವೆ. ಆ ತೇವವೆಲ್ಲ ತಣ್ಣನೆಯ ಗೋಡೆಗೆ ತಾಗಿ ನೀರಾಗಿ, ಕೆಲವೇ ವಾರಗಳಲ್ಲಿ ಬೂಷ್ಟಾಗುತ್ತದೆ, ಮತ್ತು ಅದು ಎಳೆ ಮಕ್ಕಳ ಹಾಗೂ ಉಬ್ಬಸವಿರುವವರ ಉಸಿರಾಟಕ್ಕೆ ನಿಜಕ್ಕೂ ಅಪಾಯಕಾರಿ. ಆದುದರಿಂದ ಅಡುಗೆಮನೆಯ ಹಾಗೂ ಬಚ್ಚಲಿನ ಫ್ಯಾನು ಗಾಳಿಯನ್ನು ಹೊರಕ್ಕೆ ತಳ್ಳುತ್ತದೆಯೇ ಎಂದು ಹಾಕಿ ನೋಡಿ. ಕುದಿಯುವ ಪಾತ್ರೆಗೆ ಮುಚ್ಚಳವಿಟ್ಟು, ಅಡುಗೆಯಾದ ಮೇಲೂ ಸ್ವಲ್ಪ ಹೊತ್ತು ಫ್ಯಾನನ್ನು ಓಡಿಸಿ. ಎಷ್ಟೇ ಚಳಿಯಿದ್ದರೂ ದಿನಕ್ಕೊಮ್ಮೆ ಕಿಟಕಿಗಳನ್ನು ತೆರೆಯಿರಿ. ಮನೆಯ ಶಕ್ತಿ ಪ್ರಮಾಣಪತ್ರ ಎ ಇಂದ ಜಿವರೆಗಿನ ಯಾವ ದರ್ಜೆಯಲ್ಲಿದೆ ಎಂಬುದೂ ಬಿಸಿಯ ಖರ್ಚನ್ನು ಮುಂಚಿತವಾಗಿ ಅಂದಾಜು ಮಾಡಲು ನೆರವಾಗುತ್ತದೆ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗುವುದರಿಂದ ದಕ್ಷಿಣಕ್ಕೆ ಮುಖಮಾಡಿದ ಕೋಣೆಯೊಂದಿದ್ದರೆ ಮನಸ್ಸಿಗೂ ಹಿತ.

ಠೇವಣಿಯಾಗಿ ಸಾಮಾನ್ಯವಾಗಿ ಐದು ವಾರಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಆ ಹಣವನ್ನು 30 ದಿನಗಳೊಳಗೆ ಸರ್ಕಾರ ಮಾನ್ಯ ಮಾಡಿದ ರಕ್ಷಣಾ ಯೋಜನೆಯೊಂದರಲ್ಲಿ ಇಡಬೇಕು. ಒಳಹೋದ ದಿನವೇ ಪ್ರತಿ ಕೋಣೆಯ ಫೋಟೋ ತೆಗೆದಿಟ್ಟುಕೊಳ್ಳಿ. ಅದೇ ವಾರ ಹತ್ತಿರದ ಜಿಪಿ (ಕುಟುಂಬ ವೈದ್ಯರ) ಚಿಕಿತ್ಸಾಲಯದಲ್ಲಿ ಮನೆಮಂದಿಯೆಲ್ಲರ ಹೆಸರು ನೋಂದಾಯಿಸಿ. ಇದಕ್ಕೆ ವಿಳಾಸದ ದಾಖಲೆ ಕಡ್ಡಾಯವಲ್ಲ. ಕಾಯಿಲೆ ಬಿದ್ದ ಮೇಲೆ ನೋಂದಾಯಿಸೋಣ ಎಂದು ಕಾಯಬೇಡಿ.

ಇಲ್ಲಿಯ ಮನೆಗಳಲ್ಲಿ ಅನೇಕವು ಒಂದೇ ಗೋಡೆಯನ್ನು ಹಂಚಿಕೊಂಡ ಜೋಡಿಮನೆಗಳು. ಬೆಳಗಿನ ಐದಕ್ಕೆ ಮಿಕ್ಸಿ ಹಾಕಿದರೆ ಪಕ್ಕದವರಿಗೆ ಎಚ್ಚರವಾಗುತ್ತದೆ. ರುಬ್ಬುವುದನ್ನು ಹಿಂದಿನ ಸಂಜೆಯೇ ಮುಗಿಸಿಟ್ಟರೆ ಈ ತೊಂದರೆ ಇರುವುದಿಲ್ಲ. ಕಸದ ಡಬ್ಬಿಯನ್ನು ಒಯ್ಯುವ ದಿನದ ಹಿಂದಿನ ಸಂಜೆ ಹೊರಗಿಟ್ಟು, ಖಾಲಿಯಾದೊಡನೆ ಒಳಗೆ ತರಬೇಕು. ನೆರೆಯವರ ಕಾರು ಒಳಹೋಗಲು ಕಾಲುದಾರಿಯ ಅಂಚನ್ನು ತಗ್ಗಿಸಿರುವಲ್ಲಿ ಅತಿಥಿಗಳ ಕಾರು ಅಡ್ಡ ನಿಲ್ಲದಂತೆ ನೋಡಿಕೊಳ್ಳಿ. ಪಟಾಕಿಯನ್ನು ಸಾಮಾನ್ಯವಾಗಿ ರಾತ್ರಿ 11ರ ನಂತರ ಹೊಡೆಯುವಂತಿಲ್ಲ. ದೀಪಾವಳಿಯ ರಾತ್ರಿ 1 ಗಂಟೆಯವರೆಗೆ ಕಾನೂನಿನ ಅವಕಾಶವಿದೆ, ಅದೂ ಬೀದಿಯಲ್ಲಲ್ಲ, ಸ್ವಂತ ಹಿತ್ತಲಿನಲ್ಲಿ. ನಾಯಿ ಸಾಕಿದವರಿಗೆ ಮೊದಲೇ ತಿಳಿಸಿ, ಒಂದಿಷ್ಟು ಸಿಹಿಯನ್ನೂ ಕೊಟ್ಟುಬಂದರೆ ಹಬ್ಬ ಅವರದೂ ಆಗುತ್ತದೆ.

ತೊಗರಿಬೇಳೆ, ಸೋನಾ ಮಸೂರಿ, ಕರಿಬೇವು ಬೇಕಾದಾಗ ನಗರದ ಇನ್ನೊಂದು ಬದಿಯ ಬೆಲ್‌ಗ್ರೇವ್ ರಸ್ತೆಗೆ ಹೋಗಬಹುದು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಭಾರತೀಯ ಮೂಲದವರಲ್ಲಿ ಅನೇಕರು ಲೆಸ್ಟರ್‌ನಲ್ಲಿ ನೆಲೆಯೂರಿ ಅಂಗಡಿಗಳನ್ನು ಕಟ್ಟಿ ಬೆಳೆಸಿದ್ದರಿಂದಲೇ ಇಂದು ನಮಗೆ ಈ ಅನುಕೂಲ ದೊರೆತಿದೆ. ದೊಡ್ಡ ಅಂಗಡಿಗಳು ಭಾನುವಾರ ಆರು ಗಂಟೆಗಳ ಕಾಲ ಮಾತ್ರ ತೆರೆದಿರುತ್ತವೆ.

ನಗರದ ಅಂಚಿನಲ್ಲಿ ಇರುವುದರ ದೊಡ್ಡ ಲಾಭವೆಂದರೆ ಕಾಲುದಾರಿಗಳು. ಲೆಸ್ಟರ್‌ಶೈರ್‌ನಲ್ಲಿ ಹಳದಿ ತಲೆಯ ಕಂಬಗಳು ಸಾರ್ವಜನಿಕ ದಾರಿಯನ್ನು ತೋರಿಸುತ್ತವೆ. ಹೊಲ ಖಾಸಗಿಯದಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಗೇಟನ್ನು ಇದ್ದಂತೆಯೇ ಬಿಟ್ಟು, ಕುರಿಗಳಿಂದ ದೂರ ಉಳಿದು ನಡೆಯಿರಿ. ಊರಿನಿಂದ ಅಪ್ಪ ಅಮ್ಮ ಬಂದಾಗ ಬ್ರಾಕ್ಸ್ ಹಿಲ್ ಉದ್ಯಾನ ನಿಧಾನ ನಡಿಗೆಗೆ ಸೂಕ್ತ.

ಕೊನೆಯದಾಗಿ, ಕಾರಿಲ್ಲದೆ ಇಲ್ಲಿ ಕಾಲ ಕಳೆಯಬಹುದಾದರೂ ಪಾಳಿಯ ಕೆಲಸ ಮತ್ತು ಮಕ್ಕಳಿರುವವರಿಗೆ ಅದು ಕಷ್ಟ. ಭಾರತದ ಲೈಸೆನ್ಸ್ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತದೆ, ಅದನ್ನು ಇಲ್ಲಿಯ ಲೈಸೆನ್ಸ್‌ಗೆ ಬದಲಾಯಿಸಿಕೊಳ್ಳಲಾಗದು. ಚಾಲನಾ ಪರೀಕ್ಷೆಯ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದಾದ್ದರಿಂದ, ಪ್ರೊವಿಷನಲ್ (ಕಲಿಯುವವರ) ಲೈಸೆನ್ಸ್‌ಗೆ ಬಂದ ಮೊದಲ ತಿಂಗಳುಗಳಲ್ಲೇ ಅರ್ಜಿ ಹಾಕಿ, ಕಂಪ್ಯೂಟರ್‌ನಲ್ಲಿ ನಡೆಯುವ ಥಿಯರಿ ಪರೀಕ್ಷೆ ಮುಗಿಸಿಕೊಂಡು, ಗಡುವಿನೊಳಗೆ ಚಾಲನಾ ಪರೀಕ್ಷೆಯನ್ನು ಕಾಯ್ದಿರಿಸಿಕೊಳ್ಳಿ.